ಒಂದೇ ಒಂದು ಹರಳು: ಪಟಿಕದಿಂದ ಮನೆಯಲ್ಲೇ ಬೆಳೆಸುವ ಬಗೆ

ನಾನು ಮೊದಲ ಸಲ ಪಟಿಕದ ಹರಳು ಬೆಳೆಸಲು ಹೊರಟಾಗ ಕೈಗೆ ಬಂದದ್ದು ಹರಳಲ್ಲ, ಕೊಬ್ಬರಿ ಮಿಠಾಯಿಯಂಥ ಒಂದು ಬಿಳಿ ಗಂಟು. ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. ಕುದಿಯುವ ನೀರಿಗೆ ಹಿಡಿಸಿದಷ್ಟೂ ಪಟಿಕ ಸುರಿದೆ. ಹೊಲಿಗೆ ದಾರ ಇಳಿಬಿಟ್ಟೆ. ಬೇಗ ಆಗಲಿ ಅಂತ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ದಾರದ ತುಂಬಾ, ಲೋಟದ ತಳದ ತುಂಬಾ ಸಾವಿರಾರು ಚೂರು. ಒಂದೂ ದೊಡ್ಡದಲ್ಲ, ಒಂದೂ ತಿಳಿಯಾಗಿಲ್ಲ.

ಎಲ್ಲಿ ಎಡವಿದೆ ಅಂತ ಆಮೇಲೆ ತಿಳಿಯಿತು. ಹರಳು ಹುಟ್ಟುವುದು ಬೇರೆ, ಬೆಳೆಯುವುದು ಬೇರೆ. ನಾನು ಮಾಡಿದ್ದೆಲ್ಲ ಹುಟ್ಟಿಸುವ ಕೆಲಸ. ಕರಗಿದ ಪಟಿಕವನ್ನು ಸಾವಿರ ಮರಿಗಳಿಗೆ ಹಂಚಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಒಂದು ದೊಡ್ಡ, ಗಾಜಿನಂಥ ಹರಳು ಬೇಕೆಂದರೆ ಒಂದಕ್ಕೆ ಮಾತ್ರ ಉಣಿಸಬೇಕು, ಮಿಕ್ಕವು ಹುಟ್ಟದಂತೆ ನೋಡಿಕೊಳ್ಳಬೇಕು. ಕೆಳಗೆ ಬರುವ ಪ್ರತಿ ಹೆಜ್ಜೆಯೂ ಈ ಒಂದು ಕೆಲಸಕ್ಕಾಗಿಯೇ ಇದೆ.

ಏನೇನು ಬೇಕು

ಪಟಿಕ ಕಾಲು ಕೆ.ಜಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕ್ಷೌರ ಆದಮೇಲೆ ಗಲ್ಲಕ್ಕೆ ಉಜ್ಜುತ್ತಾರಲ್ಲ, ಕೆಸರು ನೀರು ತಿಳಿಯಾಗಲಿ ಅಂತ ಕೊಡದಲ್ಲಿ ಆಡಿಸುತ್ತಾರಲ್ಲ, ಅದೇ. ಪುಡಿಗಿಂತ ಗಟ್ಟಿ ತುಂಡೇ ಒಳ್ಳೆಯದು. ಒಳಗೆ ಕಸ ಇದೆಯಾ ಇಲ್ಲವಾ ಅಂತ ಬೆಳಕಿಗೆ ಹಿಡಿದು ನೋಡಬಹುದು. ಮನೆಗೆ ತಂದು ಕುಟ್ಟಿ ಪುಡಿ ಮಾಡಿಕೊಳ್ಳಿ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಅದು ಪಟಿಕದ ಜೊತೆ ಸೇರಿದರೆ ನೀರು ಮಬ್ಬಾಗುತ್ತದೆ, ಆ ಮಬ್ಬಿನ ಕಣ ಕಣದ ಮೇಲೂ ಹರಳು ಕೂರಬಹುದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಸಾಕು. ಅಂಗಡಿಯವರು ಆಸಿಡ್ ಕ್ಯಾನ್ ಕೊಟ್ಟುಬಿಟ್ಟಾರು, ಲೇಬಲ್ ಓದಿ ತನ್ನಿ. ಅದು ಸಿಗದಿದ್ದರೆ ಆರ್‌ಓ ನೀರು.

ಎರಡು ಗಾಜಿನ ಬಾಟಲಿ, ಒಂದು ಸ್ಟೀಲ್ ಪಾತ್ರೆ, ಒಂದು ಚಪ್ಪಟೆ ತಟ್ಟೆ, ಕಾಫಿ ಫಿಲ್ಟರ್ ಕಾಗದ ಅಥವಾ ಒತ್ತಾಗಿ ನೇಯ್ದ ಹಳೆಯ ಪಂಚೆಯ ತುಂಡು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಪಟಿಕದ ನೀರು ಸ್ವಲ್ಪ ಆಮ್ಲೀಯ, ಅದನ್ನು ತಿನ್ನುತ್ತದೆ. ಇನ್ನು ದಾರ: ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ತೆಳು ನೈಲಾನ್ ದಾರವೇ ಆಗಬೇಕು. ಹತ್ತಿ ದಾರಕ್ಕೆ ಎಷ್ಟೊಂದು ಎಳೆ, ಎಷ್ಟೊಂದು ಜುಂಗು. ಒಂದೊಂದು ಜುಂಗೂ ಒಂದೊಂದು ಹೆರಿಗೆ ಕೋಣೆ. ಕಲ್ಲುಸಕ್ಕರೆ ಅಗಿಯುವಾಗ ಹಲ್ಲಿಗೆ ದಾರ ಸಿಕ್ಕಿದ್ದು ನೆನಪಿದೆಯಾ? ಅಲ್ಲಿ ಬೇಕೆಂದೇ ದಾರ ಇಳಿಬಿಡುತ್ತಾರೆ, ಅದರ ಮೇಲೆ ನೂರಾರು ಹರಳು ಹುಟ್ಟಲಿ ಅಂತ. ನಮಗೆ ಬೇಕಾದ್ದು ಅದರ ತಿರುಗುಮುರುಗು.

ಮೊದಲ ದಿನ: ನೀರಿನ ಹೊಟ್ಟೆ ತುಂಬಿಸುವುದು

ಅರ್ಧ ಲೀಟರ್ ನೀರಿಗೆ 120 ಗ್ರಾಂ ಪಟಿಕ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸುವುದು ಬೇಡ, ಕೈ ಸುಡುವಷ್ಟು ಬಿಸಿಯಾದರೆ ಸಾಕು. ತಿಳಿಯಾದ ಮೇಲೆ ಸೋಸಿ, ಬಾಟಲಿಗೆ ಹುಯ್ದು, ಬಾಯಿಗೆ ಬಟ್ಟೆ ಕಟ್ಟಿ ರಾತ್ರಿಯಿಡೀ ಸುಮ್ನೆ ಬಿಡಿ.

ಇದರ ಲೆಕ್ಕ ಹೀಗಿದೆ. 20 ಡಿಗ್ರಿ ನೀರು 100 ಮಿಲಿ ಇದ್ದರೆ ಸುಮಾರು 14 ಗ್ರಾಂ ಪಟಿಕ ಕರಗುತ್ತದೆ. ಅದೇ ನೀರು 50 ಡಿಗ್ರಿಗೆ ಬಂದರೆ ಸುಮಾರು 37 ಗ್ರಾಂ ನುಂಗುತ್ತದೆ. ಬಿಸಿಯಲ್ಲಿ ತಿಂದದ್ದನ್ನು ತಣ್ಣಗಾದಾಗ ನೀರು ಇಟ್ಟುಕೊಳ್ಳಲಾರದು, ಹೆಚ್ಚಿನದನ್ನು ಹೊರಹಾಕುತ್ತದೆ. ಹೊರಗೆ ಬಂದದ್ದೇ ಹರಳು. ಬೆಳಿಗ್ಗೆ ಬಾಟಲಿಯ ತಳದಲ್ಲಿ ಹರಳಿನ ಒಂದು ಪದರ ಕೂತಿರುತ್ತದೆ. ಮೇಲಿನ ತಿಳಿನೀರನ್ನು ಇನ್ನೊಂದು ಬಾಟಲಿಗೆ ಸೋಸಿಕೊಳ್ಳಿ. ನಿಮ್ಮ ಮನೆಯ ಈಗಿನ ಶಾಖದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಪಟಿಕ ಅದರಲ್ಲಿದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಪರ್ಯಾಪ್ತ ದ್ರಾವಣ ಅನ್ನುತ್ತಾರೆ. ಪುಸ್ತಕದ ಅಂಕಿ ನಂಬಿ ಅಳೆದು ಹಾಕುವುದಕ್ಕಿಂತ ಈ ದಾರಿ ವಾಸಿ. ಮಡಿಕೇರಿಯ ಅಡುಗೆಮನೆಗೂ ರಾಯಚೂರಿನ ಅಡುಗೆಮನೆಗೂ ಹತ್ತು ಡಿಗ್ರಿ ವ್ಯತ್ಯಾಸ ಇದ್ದರೂ ನೀರು ತನ್ನ ಲೆಕ್ಕ ತಾನೇ ಸರಿಮಾಡಿಕೊಂಡಿರುತ್ತದೆ.

ರಾತ್ರಿಯಿಡೀ ಇಟ್ಟರೂ ತಳದಲ್ಲಿ ಏನೂ ಬರಲಿಲ್ಲವೇ? ಬೇಸಿಗೆಯಲ್ಲಿ ಹಾಗಾಗುವುದುಂಟು. ಇನ್ನೊಂದು 20 ಗ್ರಾಂ ಪಟಿಕ ಹಾಕಿ, ಮತ್ತೆ ಬಿಸಿಮಾಡಿ ಇಡಿ.

ಎರಡನೇ, ಮೂರನೇ ದಿನ: ಮರಿ ಆರಿಸುವುದು

ಸೋಸಿದ ನೀರಿನಲ್ಲಿ ನಾಲ್ಕೈದು ಚಮಚ ತಟ್ಟೆಗೆ ಹಾಕಿ, ತೆಳುವಾಗಿ ಹರಡಿ, ಧೂಳು ಬೀಳದ ಕಡೆ ಇಡಿ. ನೀರು ಆರುತ್ತಾ ಬಂದಂತೆ ಅಲ್ಲಲ್ಲಿ ಚಿಕ್ಕ ಚಿಕ್ಕ ಹರಳು ಕಾಣುತ್ತವೆ. ಎರಡು ದಿನದಲ್ಲಿ ಕೆಲವು ಉದ್ದಿನಕಾಳಿನಷ್ಟಾಗುತ್ತವೆ. ನೀರು ಪೂರ್ತಿ ಆರುವ ಮೊದಲೇ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಎಲ್ಲವೂ ಒಂದಕ್ಕೊಂದು ಅಂಟಿ ಹಪ್ಪಳವಾಗುತ್ತದೆ.

ಇಲ್ಲಿ ನಿಧಾನಿಸಿ. ಮದುವೆಗೆ ಹೆಣ್ಣು ಗಂಡು ನೋಡುವವರಷ್ಟೇ ಕೊಂಕು ತೆಗೆಯಿರಿ. ಕನ್ನಡಿಯಂಥ ಮುಖಗಳು, ಚೂಪು ಅಂಚು, ಒಳಗೆ ಬಿಳಿ ಮಚ್ಚೆ ಇರಬಾರದು, ಎರಡು ಹರಳು ಅಂಟಿಕೊಂಡಿರಬಾರದು. ಮರಿಯಲ್ಲಿ ಇದ್ದ ಊನ ದೊಡ್ಡದಾದ ಮೇಲೂ ಒಳಗೇ ಇರುತ್ತದೆ. ಇಂಥದೇ ನಾಲ್ಕೈದು ತೆಗೆದಿಡಿ, ಒಂದೆರಡು ಹಾಳಾಗೇ ಆಗುತ್ತವೆ.

ಒಂದನ್ನು ನೈಲಾನ್ ದಾರಕ್ಕೆ ಕಟ್ಟಿ. ಹೇಳುವುದು ಸುಲಭ, ಕಟ್ಟುವಾಗ ಜೀವ ಬಾಯಿಗೆ ಬರುತ್ತದೆ. ಜಾರುಗಂಟು ಹಾಕಿ ನಡುವೆ ಬಿಗಿದರೆ ನಿಲ್ಲುತ್ತದೆ. ಅಂಟು ಹಚ್ಚುವುದಾದರೆ ಸೂಜಿಮೊನೆಯಷ್ಟು ಸಾಕು.

ನಾಲ್ಕನೇ ದಿನ: ಇಳಿಬಿಡುವುದು

ಮುಖ್ಯ ಬಾಟಲಿಯ ನೀರಿಗೆ ಈಗ 10 ಗ್ರಾಂ ಪಟಿಕ ಹೆಚ್ಚಿಗೆ ಹಾಕಿ, ಬೆಚ್ಚಗೆ ಮಾಡಿ, ಒಂದು ಕಣವೂ ಉಳಿಯದಂತೆ ಕರಗಿಸಿ. ಮತ್ತೆ ಸೋಸಿ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಈಗ ನೀರಿನ ಹೊಟ್ಟೆಯಲ್ಲಿ ಹಿಡಿಸುವುದಕ್ಕಿಂತ ತುಸು ಜಾಸ್ತಿ ಇದೆ. ತುಸು ಮಾತ್ರ. ತಾನಾಗಿ ಹೊಸ ಹರಳು ಹುಟ್ಟಿಸುವಷ್ಟು ಒತ್ತಡ ಅದಕ್ಕಿಲ್ಲ, ಆದರೆ ಇದ್ದ ಹರಳಿನ ಮೇಲೆ ಕೂರಲು ಧಾರಾಳ ಸಾಕು. ಇಡೀ ಆಟ ನಡೆಯುವುದು ಈ ಸಣ್ಣ ಸಂದಿಯಲ್ಲಿ. ನಾನು ಮೊದಲ ಸಲ ಫ್ರಿಜ್‌ನಲ್ಲಿಟ್ಟು ಈ ಸಂದಿಯನ್ನು ಒಂದೇ ಜಿಗಿತಕ್ಕೆ ದಾಟಿಬಿಟ್ಟಿದ್ದೆ.

ಮರಿಯನ್ನು ತಣ್ಣೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆಯಿರಿ. ಮೈಗೆ ಅಂಟಿದ ಪುಡಿ ತೊಳೆದುಹೋಗುತ್ತದೆ. ಆಮೇಲೆ ಬಾಟಲಿಯ ನಡುಮಧ್ಯಕ್ಕೆ ಬರುವಂತೆ ಪೆನ್ಸಿಲ್‌ಗೆ ದಾರ ಸುತ್ತಿ ತೂಗುಬಿಡಿ. ತಳಕ್ಕೆ ತಗಲಬಾರದು, ಗೋಡೆಗೂ ತಗಲಬಾರದು. ತಳದಲ್ಲಿ ಮಲಗಿದ ಹರಳಿಗೆ ಕೆಳಗಿನಿಂದ ಊಟ ಸಿಗುವುದಿಲ್ಲ, ಆ ಕಡೆ ಚಪ್ಪಟೆಯಾಗಿ ಉಳಿಯುತ್ತದೆ.

ನೀರು ಇನ್ನೂ ಬಿಸಿ ಇರುವಾಗ ಮಾತ್ರ ಇಳಿಬಿಡಬೇಡಿ. ಆತುರದಲ್ಲಿ ನಾನು ಒಮ್ಮೆ ಹಾಗೆ ಮಾಡಿದೆ. ಹತ್ತು ನಿಮಿಷ ಬಿಟ್ಟು ನೋಡಿದಾಗ ಗಂಟು ಇತ್ತು, ಹರಳಿರಲಿಲ್ಲ.

ಬಾಯಿಗೆ ತೆಳು ಬಟ್ಟೆ ಅಥವಾ ಕಾಗದ ಮುಚ್ಚಿ. ಬಿಗಿ ಮುಚ್ಚಳ ಹಾಕಿದರೆ ನೀರು ಆರುವುದಿಲ್ಲ, ಹಾಗೇ ಬಿಟ್ಟರೆ ಧೂಳು ಬೀಳುತ್ತದೆ.

ಎಲ್ಲಿ ಇಡಬೇಕು

ಜಾಗ ಆರಿಸುವುದು ಅರ್ಧ ಕೆಲಸ ಅಂತ ನಾನು ಲೆಕ್ಕ ಹಾಕಿದ್ದೇನೆ. ಫ್ರಿಜ್‌ನ ಮೇಲೆ ಬೇಡ, ಅದು ನಡುಗುತ್ತದೆ, ಬಿಸಿಯೂ ಆಗುತ್ತದೆ. ಕಿಟಕಿ ಪಕ್ಕ ಬೇಡ, ಮಧ್ಯಾಹ್ನ ಬಿಸಿಲು ಬಿದ್ದರೆ ನೀರಿನ ಶಾಖ ಏರುತ್ತದೆ, ಹಸಿವು ಹೆಚ್ಚುತ್ತದೆ, ಕೊಟ್ಟದ್ದನ್ನೇ ವಾಪಸ್ ತಿನ್ನುತ್ತದೆ. ರಾತ್ರಿ ತಣ್ಣಗಾದಾಗ ಮತ್ತೆ ಗಡಿಬಿಡಿಯಲ್ಲಿ ಕಕ್ಕುತ್ತದೆ. ದಿನಾ ಹೀಗೆ ಕರಗಿ ಬೆಳೆದು ಮಾಡಿದರೆ ಒಳಗೆ ಮಬ್ಬು ಪದರಗಳು ಉಳಿಯುತ್ತವೆ. ಫ್ಯಾನಿನ ಕೆಳಗೂ ಬೇಡ. ಮನೆಯ ನಡುಕೋಣೆಯಲ್ಲಿ, ಬಾಗಿಲು ಪದೇ ಪದೇ ತೆಗೆಯದ ಒಂದು ಗೋಡೆ ಬೀರು ಸಿಕ್ಕರೆ ಅದೇ ಒಳ್ಳೆಯ ಜಾಗ. ಬಾಟಲಿಯನ್ನು ಹಳೆಯ ಟವೆಲ್‌ನಲ್ಲಿ ಸುತ್ತಿಟ್ಟರೆ ಶಾಖದ ಏರಿಳಿತ ಇನ್ನೂ ಕಡಿಮೆಯಾಗುತ್ತದೆ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಾಟಲಿ ನೀರು ಎಲ್ಲಿ ಆರಬೇಕು? ಅಲ್ಲಿ ತಾಳ್ಮೆ ಜಾಸ್ತಿ ಬೇಕು, ಆದರೆ ಸಿಗುವ ಹರಳು ಚೆನ್ನಾಗಿರುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ತದ್ವಿರುದ್ಧ, ನೀರು ಬೇಗ ಆರಿ ಮೇಲ್ಮೈಯಲ್ಲೇ ಕೆನೆ ಕಟ್ಟಿದಂತೆ ಹರಳು ಕಟ್ಟುತ್ತದೆ. ಅಂಥ ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಕಟ್ಟಿ, ಸೂಜಿಯಿಂದ ಐದಾರು ತೂತು ಮಾಡಿ.

ಕಾಯುವಾಗ

ಇನ್ನು ಮೂರು ನಾಲ್ಕು ವಾರ ಕೆಲಸ ಕಡಿಮೆ. ಅಷ್ಟರಲ್ಲಿ ಬಾಟಲಿಯ ಒಳಗೆ ನಡೆಯುವುದನ್ನು ನೋಡೋಣ.

ನೀರಿನಲ್ಲಿ ಕರಗಿದ ಕಣಗಳು ಸದಾ ಓಡಾಡುತ್ತಿರುತ್ತವೆ. ಆಗಾಗ ಹತ್ತಿಪ್ಪತ್ತು ಒಂದು ಕಡೆ ಗುಂಪುಗೂಡುತ್ತವೆ. ಗುಂಪು ಚಿಕ್ಕದಾದರೆ ಹೊರಗಿನ ಸಾಲಿನಲ್ಲಿರುವವೇ ಜಾಸ್ತಿ, ಅವನ್ನು ಹಿಡಿದುಕೊಳ್ಳಲು ಒಳಗಿನವು ಸಾಲುವುದಿಲ್ಲ. ಚದುರಿಹೋಗುತ್ತವೆ. ಒಂದು ಗಾತ್ರ ದಾಟಿದ ಗುಂಪು ಮಾತ್ರ ಉಳಿದು ಬೆಳೆಯುತ್ತದೆ. ಅದೇ ಹರಳಿನ ಹುಟ್ಟು. ಶುದ್ಧ ನೀರಿನಲ್ಲಿ ಈ ಗಾತ್ರ ದಾಟುವುದು ಕಷ್ಟ. ಧೂಳಿನ ಕಣವೋ ಗಾಜಿನ ಗೀರೋ ಆಸರೆ ಕೊಟ್ಟರೆ ಸುಲಭ. ಅದಕ್ಕೇ ಇಷ್ಟು ಸಲ ಸೋಸಿದ್ದು, ಅದಕ್ಕೇ ಗೀರು ಬಿದ್ದ ಹಳೆ ಬಾಟಲಿ ಬೇಡ ಅನ್ನುವುದು.

ಬೆಳವಣಿಗೆಗೆ ಆ ತೊಡಕಿಲ್ಲ. ಗೋಡೆ ಕಟ್ಟುವ ಗಾರೆಯವನನ್ನು ನೋಡಿ. ಬರೀ ಸಮತಟ್ಟಿನ ಮೇಲೆ ಒಂದೇ ಇಟ್ಟಿಗೆ ಇಟ್ಟರೆ ಅದು ತಳದಿಂದ ಮಾತ್ರ ಹಿಡಿದಿರುತ್ತದೆ. ಅರ್ಧ ಕಟ್ಟಿದ ಸಾಲಿನ ಮೂಲೆಗೆ ಇಟ್ಟರೆ ಪಕ್ಕದಿಂದಲೂ ಹಿಡಿತ. ಕಣಗಳೂ ಅಂಥ ಮೂಲೆಯನ್ನೇ ಹುಡುಕಿ ಕೂರುತ್ತವೆ. ಒಂದು ಸಾಲು ಮುಗಿದ ಮೇಲೆ ಇನ್ನೊಂದು. ಹೀಗೆ ಪದರ ಪದರವಾಗಿ ಮುಖ ನುಣುಪಾಗುತ್ತದೆ. ಕಣಗಳು ಒಮ್ಮೆಗೇ ನುಗ್ಗಿದರೆ ತಪ್ಪು ಜಾಗದಲ್ಲಿ ಕೂತವು ಎದ್ದು ಸರಿಹೋಗುವ ಮೊದಲೇ ಮೇಲೊಂದು ಪದರ ಬಂದಿರುತ್ತದೆ. ನಡುವೆ ನೀರಿನ ಹನಿಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಆತುರದಲ್ಲಿ ಬೆಳೆದ ಹರಳು ಬಿಳಿಚಿಕೊಳ್ಳುವುದು ಇದರಿಂದಲೇ.

ಪಟಿಕದ ಹರಳಿಗೆ ಎಂಟು ಮುಖ, ಎರಡು ಪಿರಮಿಡ್ ಬುಡಕ್ಕೆ ಬುಡ ಅಂಟಿಸಿದಂತೆ. ಆ ಎಂಟು ಮುಖಗಳು ಉಳಿಯುವುದು ಅವು ನಿಧಾನವಾಗಿ ಬೆಳೆಯುತ್ತವೆ ಅಂತ. ಬೇಗ ಬೆಳೆಯುವ ಮುಖ ಮುಂದಕ್ಕೆ ಓಡಿ ಓಡಿ ಕೊನೆಗೆ ಬರೀ ಅಂಚೋ ತುದಿಯೋ ಆಗಿ ಮಾಯವಾಗುತ್ತದೆ. ಮೊದಲು ಓದಿದಾಗ ನನಗೆ ಇದು ಉಲ್ಟಾ ಅನ್ನಿಸಿತ್ತು. ಕಾಗದದ ಮೇಲೆ ಗೆರೆ ಎಳೆದು ನೋಡಿದ ಮೇಲೆ ನಂಬಿದೆ. ಯಾವ ಮುಖ ನಿಧಾನ ಅನ್ನುವುದನ್ನು ನೀರಿನಲ್ಲಿರುವ ಬೇರೆ ವಸ್ತು ಬದಲಿಸಬಲ್ಲದು. ಉಪ್ಪಿನ ಹರಳು ಘನಾಕಾರ, ಲೂಡೊ ದಾಳದಂತೆ. ಆದರೆ ಮೂತ್ರ ಬೆರೆತ ನೀರಿನಲ್ಲಿ ಅದೇ ಉಪ್ಪು ಎಂಟು ಮುಖದ್ದಾಗುತ್ತದೆ ಅಂತ ಫ್ರಾನ್ಸಿನ ರೋಮೆ ದ ಲೀಲ್ 1783ರಲ್ಲೇ ಬರೆದ. ಅದರಲ್ಲಿರುವ ಯೂರಿಯಾ ಒಂದು ಜಾತಿಯ ಮುಖಕ್ಕೆ ಅಂಟಿಕೊಂಡು ಅದರ ಓಟ ತಡೆಯುತ್ತದೆ. ಇದನ್ನು ಮಾಡಿ ನೋಡುವುದಿದ್ದರೆ ಗೊಬ್ಬರದ ಅಂಗಡಿಯ ಯೂರಿಯಾ ಬಳಸಿ, ಪುಣ್ಯ ಬರುತ್ತದೆ.

ಉಪ್ಪನ್ನು ತಣ್ಣಗೆ ಮಾಡಿ ಬೆಳೆಸಲು ಹೊರಟರೆ ಮಾತ್ರ ಕೈಸೋಲುತ್ತೀರಿ. 100 ಮಿಲಿ ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಕರಗುತ್ತದೆ, ಕುದಿಯುವ ನೀರಿನಲ್ಲೂ ಸುಮಾರು 39 ಗ್ರಾಂ ಅಷ್ಟೇ. ಆದ್ದರಿಂದ ಉಪ್ಪಿಗೆ ಬಿಸಿಲು ಗಾಳಿಯೇ ಗತಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಸಮುದ್ರದ ನೀರು ಕಟ್ಟಿ ಆರಲು ಬಿಡುವುದು ಅದಕ್ಕೇ.

ಇದೇ ವಿದ್ಯೆ ಅಡುಗೆಮನೆಯಲ್ಲಿ ಎರಡೂ ಕಡೆ ಕೆಲಸ ಮಾಡುತ್ತದೆ. ಹರಳು ಹರಳಾದ ತುಪ್ಪ ಬೇಕೆನ್ನುವವರು ಕಾಸಿದ ತುಪ್ಪವನ್ನು ಒಲೆಯ ಪಕ್ಕದಲ್ಲೇ ನಿಧಾನವಾಗಿ ಆರಲು ಬಿಡುತ್ತಾರೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಾಕುವುದು ಹರಳಾಗದಿರಲಿ ಅಂತ: ಹುಳಿ ಸಕ್ಕರೆಯ ಒಂದಂಶವನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಆ ಬೇರೆ ಗಾತ್ರದ ಇಟ್ಟಿಗೆಗಳು ಸಾಲು ಕೆಡಿಸುತ್ತವೆ. ಪಾತ್ರೆಯ ಅಂಚಿನಲ್ಲಿ ಒಣಗಿದ ಪಾಕ ಸೌಟು ತಗಲಿ ಒಳಗೆ ಬಿತ್ತೋ, ಅದೇ ಬೀಜವಾಗಿ ಇಡೀ ಪಾಕ ಸಕ್ಕರೆಗಟ್ಟಬಹುದು. ಕರೆಂಟ್ ಹೋಗಿ ಬಂದ ಮೇಲೆ ಐಸ್‌ಕ್ರೀಮ್ ಮರಳು ಮರಳಾಗುವುದೂ ಇದೇ ಕತೆ. ಚಿಕ್ಕ ಐಸ್ ಹರಳುಗಳು ಕರಗಿ ಆ ನೀರು ದೊಡ್ಡವುಗಳ ಮೇಲೆ ಹೆಪ್ಪುಗಟ್ಟುತ್ತದೆ.

ಕಲ್ಲುಗಳಲ್ಲೂ ಆತುರ, ನಿಧಾನದ ಗುರುತು ಕಾಣುತ್ತದೆ. ಇಳಕಲ್ಲಿನ ಗುಲಾಬಿ ಗ್ರಾನೈಟ್ ಪಾಲಿಶ್ ಮಾಡಿದ ನೆಲದಲ್ಲಿ ಹರಳುಗಳು ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುತ್ತವೆ. ಆ ಕಲ್ಲು ನೆಲದಾಳದಲ್ಲಿ ತೀರಾ ನಿಧಾನವಾಗಿ ತಣಿದದ್ದು. ವಿಜಯಪುರದ ಗೋಳಗುಮ್ಮಟದ ಕಪ್ಪು ಕಲ್ಲಿನಲ್ಲಿ ಹಾಗೆ ಕಾಣುವುದಿಲ್ಲ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಮೇಲೆ ಹರಿದು ಬೇಗ ಆರಿದ ಲಾವಾ. ನಿಧಾನದ ಕೊನೆ ನೋಡಬೇಕೆಂದರೆ ಮೆಕ್ಸಿಕೋದ ನೈಕಾ ಗಣಿ. 2000ನೇ ಇಸವಿಯಲ್ಲಿ ಅಲ್ಲಿ ಸುಮಾರು 300 ಮೀಟರ್ ಆಳದ ಗುಹೆಯಲ್ಲಿ 11 ಮೀಟರಿಗೂ ಉದ್ದದ ಜಿಪ್ಸಮ್ ಹರಳುಗಳು ಸಿಕ್ಕವು. ಗುಹೆ ತುಂಬಿದ್ದ ನೀರು ಲಕ್ಷಗಟ್ಟಲೆ ವರ್ಷ 58 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಆ ಶಾಖದಲ್ಲಿ ಹೊಸದು ಹುಟ್ಟುವುದು ಅಪರೂಪ, ಇದ್ದದ್ದು ಬೆಳೆಯುತ್ತಲೇ ಇತ್ತು. ನಮ್ಮ ಗೋಡೆ ಬೀರುವೇ ಅದು, ಗಾತ್ರ ಬೇರೆ ಅಷ್ಟೇ.

ವಾರಕ್ಕೊಮ್ಮೆ ಉಪಚಾರ

ದಿನಾ ಎತ್ತಿ ನೋಡಬೇಡಿ. ನೋಡಬೇಕೆನಿಸುತ್ತದೆ, ನನಗೂ ಗೊತ್ತು. ಅಲುಗಿಸಿದಾಗಲೆಲ್ಲ ಮೈಯಿಂದ ಉದುರಿದ ಸಣ್ಣ ಚೂರು ತಳದಲ್ಲಿ ಹೊಸ ಹರಳಾಗುತ್ತದೆ.

ವಾರಕ್ಕೊಮ್ಮೆ ಹೊರಗಿನಿಂದಲೇ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಹರಳುಗಳು ಕಂಡರೆ ಅವು ನಿಮ್ಮ ಹರಳಿನ ಪಾಲನ್ನು ತಿನ್ನುತ್ತಿವೆ ಅಂತಲೇ. ಆಗ ಹರಳನ್ನು ಮೆಲ್ಲಗೆ ಎತ್ತಿ, ಟಿಶ್ಯೂ ಕಾಗದದಲ್ಲಿ ಒತ್ತಿ ಒಣಗಿಸಿ ಪಕ್ಕಕ್ಕಿಡಿ. ನೀರನ್ನು ಸೋಸಿ, ತಳದ ಹರಳುಗಳನ್ನೇ ಅದಕ್ಕೆ ಹಾಕಿ ಬೆಚ್ಚಗೆ ಮಾಡಿ ಕರಗಿಸಿ. ಬಾಟಲಿ ತೊಳೆದು, ನೀರು ಪೂರ್ತಿ ತಣಿದ ಮೇಲೆ ಹರಳನ್ನು ಒಂದು ಕ್ಷಣ ತಣ್ಣೀರಿಗೆ ಅದ್ದಿ ಮತ್ತೆ ಇಳಿಬಿಡಿ. ಹರಳಿನ ಮೈಮೇಲೆ ಮರಿಹರಳು ಅಂಟಿದ್ದರೆ ಉಗುರಿನಿಂದ ಕಿತ್ತುಬಿಡಿ. ಗಾಯ ಒಂದೆರಡು ವಾರದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಹರಳಿನ ಈ ಗುಣ ನೋಡಿದಾಗೆಲ್ಲ ನನಗೆ ಬೆರಗು.

ಅಂಚು 2.5 ಸೆಂಟಿಮೀಟರ್ ಇರುವ ಎಂಟು ಮುಖದ ಪಟಿಕದ ಹರಳು ಸುಮಾರು 13 ಗ್ರಾಂ ತೂಗುತ್ತದೆ. ನೀವು ಹೆಚ್ಚಿಗೆ ಹಾಕಿದ್ದು 10 ಗ್ರಾಂ. ಮಿಕ್ಕದ್ದು ನೀರು ಆರಿ ಬರಬೇಕು, ಇಲ್ಲವೇ ನಡುವೆ ಇನ್ನೊಮ್ಮೆ 10 ಗ್ರಾಂ ಹಾಕಬೇಕು. ಒಮ್ಮೆಗೇ 40 ಗ್ರಾಂ ಹಾಕಿದರೆ ನನ್ನ ಮೊದಲ ಸಲದ ಕೊಬ್ಬರಿ ಮಿಠಾಯಿಗೇ ವಾಪಸ್.

ಬಣ್ಣದ ಹರಳು ಬೇಕೆಂದು ಮಕ್ಕಳು ಮೈಲುತುತ್ತ ಕೇಳುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುತ್ತಾರಲ್ಲ, ಅದೇ ನೀಲಿ. ಹರಳು ನಿಜಕ್ಕೂ ಸೊಗಸಾಗಿ ಬರುತ್ತದೆ. ಆದರೆ ಅದು ವಿಷ. ದೊಡ್ಡವರು ಜೊತೆಗಿರಬೇಕು, ಕೈಗವಸು ಹಾಕಬೇಕು, ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು, ಉಳಿದ ನೀರನ್ನು ಕೆರೆಗೋ ಚರಂಡಿಗೋ ಚೆಲ್ಲಬಾರದು. ಪಟಿಕಕ್ಕೆ ತಿಂಡಿಯ ಬಣ್ಣ ಹಾಕಿ ನೋಡಿದೆ. ನೀರು ಕೆಂಪಾಯಿತು, ಹರಳು ಬೆಳ್ಳಗೇ ಉಳಿಯಿತು. ಬಣ್ಣದ ಕಣಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.

ಹೊರಗೆ ತೆಗೆದ ಮೇಲೆ

ಸಾಕೆನ್ನಿಸಿದಾಗ ಎತ್ತಿ, ನೀರಿನಲ್ಲಿ ತೊಳೆಯದೆ ಟಿಶ್ಯೂವಿನಿಂದ ಒತ್ತಿ ಒರೆಸಿ. ನೆರಳಿನಲ್ಲಿ ಒಂದು ಗಂಟೆ ಇಡಿ, ಬಿಸಿಲಿಗೆ ಬೇಡ. ಪಟಿಕದ ಹರಳಿನ ತೂಕದಲ್ಲಿ ಸುಮಾರು 46 ಪಾಲು ನೀರೇ, ನೂರಕ್ಕೆ. ಆ ನೀರೂ ಇಟ್ಟಿಗೆಗಳ ಸಾಲಿನಲ್ಲಿ ಸೇರಿಕೊಂಡಿದೆ. ದೃಷ್ಟಿ ತೆಗೆದು ಪಟಿಕವನ್ನು ಕೆಂಡಕ್ಕೆ ಹಾಕಿದಾಗ ಬುಸುಬುಸು ಉಬ್ಬಿ ಬೆಳ್ಳಗಾಗುವುದು ಈ ನೀರು ಹೊರಟುಹೋಗುವುದರಿಂದ. ಒಣಗಾಳಿಯಲ್ಲಿ ಅದೇ ಕೆಲಸ ನಿಧಾನವಾಗಿ ನಡೆದು, ಕೆಲವು ತಿಂಗಳಲ್ಲಿ ಹರಳಿನ ಮೈ ಬೂದಿ ಬಳಿದಂತೆ ಆಗುತ್ತದೆ. ತಡೆಯಲು ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ತೆಳುವಾಗಿ ಹಚ್ಚಿ. ಮೊದಲ ಸಲ ಹಚ್ಚಿದ್ದು ಪೂರ್ತಿ ಒಣಗಿದ ಮೇಲೆ ದಾರವನ್ನು ಬುಡಕ್ಕೆ ಕತ್ತರಿಸಿ, ಆ ತುದಿಯ ಮೇಲೂ ಒಂದು ತೊಟ್ಟು ಹಚ್ಚಿಬಿಡಿ. ಬಾಟಲಿಯಲ್ಲಿ ಉಳಿದ ನೀರನ್ನು ಚೆಲ್ಲಬೇಡಿ. ಗಟ್ಟಿ ಮುಚ್ಚಳ ಹಾಕಿ, ಮೇಲೆ ಪಟಿಕ ಅಂತ ಬರೆದು, ಕುಡಿಯುವ ನೀರಿನ ಬಾಟಲಿಗಳಿಂದ ದೂರ ಇಡಿ. ತೆಗೆದಿಟ್ಟ ಇನ್ನೂ ಮೂರು ಮರಿ ಇವೆಯಲ್ಲ.